ಮಡಿಕೇರಿಯ ಪಿನ್‌ಕೋಡ್ ಅವಿಭಾಜ್ಯವೇ? ಕಾಗದ, ಕ್ಯಾಲ್ಕುಲೇಟರ್ ಹಿಡಿದು ಪರೀಕ್ಷಿಸುವ ಕ್ರಮ

ಮಡಿಕೇರಿಗೆ ಹಾಕುವ ಕಾಗದದ ಮೇಲೆ 571201 ಎಂದು ಬರೆಯುತ್ತೇವೆ. 1 ಮತ್ತು ಅದೇ ಸಂಖ್ಯೆಯನ್ನು ಬಿಟ್ಟರೆ ಬೇರೆ ಯಾವುದಾದರೂ ಸಂಖ್ಯೆ ಇದನ್ನು ಶೇಷವಿಲ್ಲದೆ ಭಾಗಿಸುತ್ತದೆಯೇ? ಅಮ್ಮತ್ತಿಯ 571211, ಭಾಗಮಂಡಲದ 571247 ಇವುಗಳ ಕಥೆ ಏನು? ಶಾಲೆಯ ಪುಸ್ತಕದಲ್ಲಿ ಅವಿಭಾಜ್ಯ ಸಂಖ್ಯೆಗೆ ಕೊಡುವ ಉದಾಹರಣೆಗಳು ಎರಡು-ಮೂರು ಅಂಕೆಯವು. ಅಲ್ಲಿ ಯಾವ ವಿಧಾನ ಹಿಡಿದರೂ ಕೆಲಸ ಆಗಿಬಿಡುತ್ತದೆ. ಬ್ಯಾಂಕಿನ ಗುಪ್ತಲಿಪಿಯಲ್ಲಿ ಬಳಸುವವು ನೂರಾರು ಅಂಕೆಯವು, ಅವು ಕೈಗೆ ಸಿಗುವುದಿಲ್ಲ. ಆರಂಕೆ ಇವೆರಡರ ನಡುವಿನ ಹದ. ನೇರವಾಗಿ ಭಾಗಿಸುತ್ತ ಹೋದರೆ ಬೇಸರ ಬರುವಷ್ಟು ದೊಡ್ಡದು, ಆದರೆ ಉಪಾಯ ಗೊತ್ತಿದ್ದರೆ ಜೋರು ಮಳೆಗೆ ಕರೆಂಟ್ ಹೋದ ಸಂಜೆಯೊಂದರಲ್ಲಿ ಮುಗಿಸಬಹುದು. ಕೊಡಗಿನ ಪಿನ್‌ಕೋಡ್‌ಗಳಲ್ಲಿ ಇನ್ನೊಂದು ಅನುಕೂಲವಿದೆ: ಒಂದೊಂದು ಊರಿನ ಸಂಖ್ಯೆ ಒಂದೊಂದು ವಿಧಾನಕ್ಕೆ ಬಲಿಯಾಗುತ್ತದೆ.

ಬೇಕಾಗುವುದು ಒಂದು ನೋಟ್‌ಬುಕ್, ಹನ್ನೆರಡು ಅಂಕೆ ಪೂರ್ತಿ ತೋರಿಸುವ ಕ್ಯಾಲ್ಕುಲೇಟರ್, 755ರೊಳಗಿನ ಅವಿಭಾಜ್ಯಗಳ ಪಟ್ಟಿ. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಹತ್ತಂಕೆಯ ಪರದೆಯ ಕ್ಯಾಲ್ಕುಲೇಟರ್ ಬೇಡ. ಆರಂಕೆಯ ಸಂಖ್ಯೆಯ ವರ್ಗ ಹನ್ನೆರಡು ಅಂಕೆಗೆ ಹೋದಾಗ ಅದು ಕೊನೆಯ ಅಂಕೆಗಳನ್ನು ಬಿಟ್ಟು ಹತ್ತರ ಘಾತದಲ್ಲಿ ಉತ್ತರ ತೋರಿಸುತ್ತದೆ. ನಮಗೆ ಬೇಕಾದದ್ದೇ ಆ ಕೊನೆಯ ಅಂಕೆಗಳು.

ಎಲ್ಲಿಯವರೆಗೆ ಭಾಗಿಸಬೇಕು

ಸಂಖ್ಯೆ ಎರಡು ಅಪವರ್ತನಗಳ ಗುಣಲಬ್ಧವಾಗಿದ್ದರೆ ಎರಡೂ ವರ್ಗಮೂಲಕ್ಕಿಂತ ದೊಡ್ಡವಾಗಿರಲು ಸಾಧ್ಯವಿಲ್ಲ. 755ರ ವರ್ಗ 570025, 756ರ ವರ್ಗ 571536. ನಮ್ಮ ಪಿನ್‌ಕೋಡ್‌ಗಳೆಲ್ಲ ಇವೆರಡರ ನಡುವೆ ಬರುವುದರಿಂದ 755ರವರೆಗಿನ ಅವಿಭಾಜ್ಯಗಳಿಂದ ಮಾತ್ರ ಭಾಗಿಸಿ ನೋಡಿದರೆ ಸಾಕು. ಅವು ಒಟ್ಟು 133, ಕೊನೆಯದು 751.

ಪಟ್ಟಿ ಇಲ್ಲದಿದ್ದರೆ ಎರಟೋಸ್ತನೀಸನ ಜರಡಿ ಹಿಡಿಯಿರಿ. 2ರಿಂದ 755ರವರೆಗೆ ಬರೆದುಕೊಂಡು 2ರ ಗುಣಕಗಳು, 3ರ ಗುಣಕಗಳು ಎಂದು ಹೊಡೆಯುತ್ತ ಬನ್ನಿ. 23ರ ಗುಣಕಗಳನ್ನು ಹೊಡೆದ ಮೇಲೆ ನಿಲ್ಲಿಸಬಹುದು, ಏಕೆಂದರೆ 29ರ ವರ್ಗ 841. ಹೊಡೆಯದೆ ಉಳಿದವು 133 ಇವೆಯೇ ಎಂದು ಎಣಿಸಿ. ಹೆಚ್ಚಿದ್ದರೆ ಯಾವುದೋ ಗುಣಕ ಜರಡಿಯಲ್ಲೇ ಉಳಿದಿದೆ. ಸಾಮಾನ್ಯವಾಗಿ ಉಳಿದುಬಿಡುವವು 7×13=91, 11×13=143, 13×17=221, 17×19=323 ಇಂಥವು.

ಮೊದಲ ಸುತ್ತು: 571200 ಎಂಬ ಮೆಟ್ಟಿಲು

ಪ್ರತಿ ಪಿನ್‌ಕೋಡ್‌ಗೂ ಬೇರೆ ಬೇರೆಯಾಗಿ ಭಾಗಾಕಾರ ಮಾಡಬೇಡಿ. ಎಲ್ಲಕ್ಕೂ ಸಾಮಾನ್ಯವಾದ 571200 ಅನ್ನು ಒಮ್ಮೆ ಒಡೆದಿಟ್ಟುಕೊಳ್ಳಿ:

571200 = 2⁶ × 3 × 5² × 7 × 17

ಇದರಿಂದ 2, 3, 5, 7, 17 ಈ ಐದಕ್ಕೂ ಕೊನೆಯ ಎರಡಂಕೆಯನ್ನಷ್ಟೇ ನೋಡಿದರೆ ಸಾಕು. ಪೊನ್ನಂಪೇಟೆಯ 16, ವಿರಾಜಪೇಟೆಯ 18, ಕುಶಾಲನಗರದ 34, ಸೋಮವಾರಪೇಟೆಯ 36 ಸಮಸಂಖ್ಯೆಗಳು, ಬಿದ್ದವು. ಶನಿವಾರಸಂತೆಯ 35ನ್ನು 5 ಭಾಗಿಸುತ್ತದೆ. ಶ್ರೀಮಂಗಲದ್ದು 17, ಹಾಗಾಗಿ 571217 = 17 × 33601. ಮೇಲಿನ ಒಡೆತ ಕೈಯಲ್ಲಿಲ್ಲದವರಿಗೆ ಈ 17 ಕಣ್ಣಿಗೆ ಬೀಳುವುದೇ ಇಲ್ಲ.

ಮಡಿಕೇರಿಯದು 01. 571201 ಕಾಫಿ ಸಸಿಗಳನ್ನು ಎರಡು, ಮೂರು, ಐದು, ಏಳು, ಹದಿನೇಳು ಹೇಗೆ ಸಾಲು ಜೋಡಿಸಿದರೂ ಸರಿಯಾಗಿ ಒಂದೇ ಸಸಿ ಉಳಿಯುತ್ತದೆ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಮುಂದಿನ ಭಾಜಕಗಳಿಗೂ ಇದೇ ಕ್ರಮ. ಉದಾಹರಣೆಗೆ 31: ಕ್ಯಾಲ್ಕುಲೇಟರಿನಲ್ಲಿ 571200 ÷ 31 ಹೊಡೆದರೆ 18425.80… ಬರುತ್ತದೆ. ದಶಮಾಂಶ ನೋಡಿ ಶೇಷ ಊಹಿಸಬೇಡಿ. 18425 × 31 = 571175 ಎಂದು ಹಿಂದಕ್ಕೆ ಗುಣಿಸಿ ಕಳೆಯಿರಿ, ಶೇಷ 25. ಈಗ ಕೊನೆಯ ಎರಡಂಕೆ ಕೂಡಿಸಿ: ಮಡಿಕೇರಿಗೆ 25+1=26, ಅಮ್ಮತ್ತಿಗೆ 25+11=36 ಅಂದರೆ ಶೇಷ 5, ಸುಂಟಿಕೊಪ್ಪದ 37ಕ್ಕೆ 25+37=62. 62 ಎಂದರೆ 31ರ ಎರಡರಷ್ಟು, ಶೇಷ ಸೊನ್ನೆ. ಸುಂಟಿಕೊಪ್ಪ ಬಿತ್ತು: 571237 = 31 × 18427. ಒಂದೇ ಭಾಗಾಕಾರದಲ್ಲಿ ಎಲ್ಲ ಊರುಗಳಿಗೂ ಉತ್ತರ ಸಿಕ್ಕಿತು.

ಹೀಗೆಯೇ ಬಾಳೆಲೆಯ 571219 = 11 × 51929, ಗೋಣಿಕೊಪ್ಪದ 571213 = 29 × 19697, ಸಿದ್ದಾಪುರದ 571253 = 41 × 13933. 11ಕ್ಕೆ ಭಾಗಾಕಾರವೂ ಬೇಡ. ಬಲದಿಂದ ಅಂಕೆಗಳನ್ನು ಒಂದು ಕೂಡಿ ಒಂದು ಕಳೆಯುತ್ತ ಬನ್ನಿ: 9−1+2−1+7−5 = 11.

ಈಗ ಉಳಿದವು ಮಡಿಕೇರಿ, ಅಮ್ಮತ್ತಿ, ಭಾಗಮಂಡಲ. ತುಂಬಾ ಜನ ಎಡವುವುದು ಇಲ್ಲಿಯೇ. ನೂರರವರೆಗೆ ನೋಡಿದ್ದಾಯಿತು, ಯಾವುದೂ ಭಾಗಿಸಲಿಲ್ಲ, ಅವಿಭಾಜ್ಯವೇ ಇರಬೇಕು ಎಂದು ಬರೆದು ಪುಸ್ತಕ ಮುಚ್ಚುತ್ತಾರೆ.

ಭಾಗಮಂಡಲಕ್ಕೆ ಒಂದೇ ಹೆಜ್ಜೆ

571247ನ್ನು ಪಟ್ಟಿ ಹಿಡಿದು ಭಾಗಿಸುತ್ತ ಹೋಗಿ. ನೂರು ದಾಟಿದರೂ ಇಲ್ಲ, ಐನೂರು ದಾಟಿದರೂ ಇಲ್ಲ, ಏಳುನೂರು ದಾಟಿದರೂ ಇಲ್ಲ. 133 ಅವಿಭಾಜ್ಯಗಳಲ್ಲಿ 131ನೆಯದು ಶೇಷವಿಲ್ಲದೆ ಭಾಗಿಸುತ್ತದೆ. ಅಲ್ಲಿಯವರೆಗೆ ತಾಳ್ಮೆ ಇದ್ದವರಿಗೆ ಮಾತ್ರ ಅದು ದಕ್ಕುತ್ತದೆ.

ಫ್ರಾನ್ಸಿನ ಗಣಿತಜ್ಞ ಪಿಯರ್ ದ ಫರ್ಮಾ ಹೇಳಿಕೊಟ್ಟ ದಾರಿ ಬೇರೆ. ವರ್ಗಮೂಲಕ್ಕಿಂತ ಮೇಲಿನ ಮೊದಲ ಪೂರ್ಣಾಂಕದ ವರ್ಗ ತೆಗೆದುಕೊಂಡು ಅದರಿಂದ ನಮ್ಮ ಸಂಖ್ಯೆಯನ್ನು ಕಳೆಯಿರಿ. ಉಳಿದದ್ದೂ ಪೂರ್ಣ ವರ್ಗವಾದರೆ ಕೆಲಸ ಮುಗಿಯಿತು.

756² − 571247 = 571536 − 571247 = 289 = 17²

ಎರಡು ವರ್ಗಗಳ ವ್ಯತ್ಯಾಸ ಎಂದರೆ ಮೊತ್ತ ಗುಣಿಸು ವ್ಯತ್ಯಾಸ: (756 − 17)(756 + 17) = 739 × 773. ಒಂದೇ ಕಳೆಯುವ ಲೆಕ್ಕದಲ್ಲಿ ಭಾಗಮಂಡಲದ ಪಿನ್‌ಕೋಡ್ ಎರಡು ತುಂಡಾಯಿತು.

ಅದೇ ಉಪಾಯವನ್ನು ಮಡಿಕೇರಿಯ ಮೇಲೆ ಹಾಕಿದರೆ 756ಕ್ಕೆ 335, 757ಕ್ಕೆ 1848, 758ಕ್ಕೆ 3363, 759ಕ್ಕೆ 4880 ಉಳಿಯುತ್ತದೆ. ಇವಕ್ಕೆ ವರ್ಗಮೂಲ ಒತ್ತುವುದೂ ಬೇಡ. ಪೂರ್ಣ ವರ್ಗ 2, 3, 7, 8ರಲ್ಲಿ ಕೊನೆಯಾಗುವುದಿಲ್ಲ. 5ರಲ್ಲಿ ಕೊನೆಯಾದರೆ 25 ಎಂದೇ ಇರಬೇಕು, ಸೊನ್ನೆಯಲ್ಲಿ ಕೊನೆಯಾದರೆ ಎರಡು ಸೊನ್ನೆ ಇರಬೇಕು. ನಾಲ್ಕೂ ನೋಡಿದೊಡನೆಯೇ ತಳ್ಳಿಹೋದವು.

ಈ ವಿಧಾನ ಚೆನ್ನಾಗಿ ನಡೆಯುವುದು ಎರಡು ಅಪವರ್ತನಗಳು ಅಕ್ಕಪಕ್ಕ ಇದ್ದಾಗ ಮಾತ್ರ. ಸಿದ್ದಾಪುರದ 41 × 13933ಕ್ಕೆ ಇದನ್ನೇ ಹಿಡಿದರೆ ಮಧ್ಯದ ಸಂಖ್ಯೆ 6987ರವರೆಗೆ ಹೋಗಬೇಕು, ಅಂದರೆ ಆರು ಸಾವಿರಕ್ಕೂ ಮೀರಿದ ಹೆಜ್ಜೆಗಳು. ಹಾಗಾಗಿ ನಮ್ಮ ಸಲಹೆ ಇಷ್ಟು: ಮೊದಲು 50ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ, ಆಮೇಲೆ ಫರ್ಮಾನ ದಾರಿಯಲ್ಲಿ ಐದಾರು ಹೆಜ್ಜೆ ಹಾಕಿ, ಸಿಗದಿದ್ದರೆ ಅಲ್ಲಿಗೆ ಬಿಡಿ. ಆರ್‌ಎಸ್‌ಎ ಗುಪ್ತಲಿಪಿಗೆ ಎರಡು ದೊಡ್ಡ ಅವಿಭಾಜ್ಯಗಳನ್ನು ಆರಿಸುವವರು ಅವು ಒಂದಕ್ಕೊಂದು ತೀರಾ ಹತ್ತಿರ ಇರದಂತೆ ನೋಡಿಕೊಳ್ಳುವುದೂ ಇದೇ ಭಯಕ್ಕೆ.

ಭಾಗಿಸದೆ ಪತ್ತೆ ಹಚ್ಚುವುದು

ಫರ್ಮಾ 1640ರಲ್ಲಿ ಕೊಟ್ಟ ಇನ್ನೊಂದು ಫಲಿತಾಂಶ ಇದಕ್ಕಿಂತ ದೊಡ್ಡದು. ಒಂದು ಅವಿಭಾಜ್ಯ ಸಂಖ್ಯೆ, ಅದರಿಂದ ಭಾಗವಾಗದ ಒಂದು ಆಧಾರ ತೆಗೆದುಕೊಳ್ಳಿ. ಆಧಾರವನ್ನು ಆ ಸಂಖ್ಯೆಗಿಂತ ಒಂದು ಕಡಿಮೆ ಘಾತಕ್ಕೆ ಏರಿಸಿ ಅದೇ ಸಂಖ್ಯೆಯಿಂದ ಭಾಗಿಸಿದರೆ ಶೇಷ 1 ಬಂದೇ ಬರುತ್ತದೆ. ಬರದಿದ್ದರೆ ಸಂಖ್ಯೆ ಸಂಯುಕ್ತ. ಅಪವರ್ತನ ಯಾವುದು ಎಂದು ತಿಳಿಯದೆಯೇ ಹೀಗೆ ತೀರ್ಮಾನ ಹೇಳಬಹುದು.

ಆದರೆ 1 ಬಂದ ಮಾತ್ರಕ್ಕೆ ಅವಿಭಾಜ್ಯ ಎನ್ನುವಂತಿಲ್ಲ. 91ನ್ನು ನೋಡಿ. 3⁶ = 729 = 91 × 8 + 1. ಹಾಗಾಗಿ 3⁹⁰ ಎಂದರೆ (3⁶)¹⁵, ಶೇಷ 1. ಪರೀಕ್ಷೆಯಲ್ಲಿ ಪಾಸಾಯಿತು, ಆದರೆ 91 = 7 × 13. ಆಧಾರ 2 ತೆಗೆದುಕೊಂಡರೆ ಸಿಕ್ಕಿಬೀಳುತ್ತದೆ: 2¹² = 4096ಕ್ಕೆ ಶೇಷ 1, 2⁹⁰ಗೆ ಶೇಷ 64. ಇನ್ನೂ ಗಟ್ಟಿ ಕಳ್ಳರಿದ್ದಾರೆ. 561 = 3 × 11 × 17 ತನ್ನೊಡನೆ ಸಾಮಾನ್ಯ ಅಪವರ್ತನ ಇಲ್ಲದ ಎಲ್ಲ ಆಧಾರಗಳಿಗೂ 1 ಕೊಡುತ್ತದೆ. ಇಂಥವನ್ನು ಕಾರ್ಮೈಕೇಲ್ ಸಂಖ್ಯೆಗಳು ಎನ್ನುತ್ತಾರೆ. ರಾಮಾನುಜನ್ ಅವರ ಟ್ಯಾಕ್ಸಿ ಸಂಖ್ಯೆ 1729 ಕೂಡ ಆ ಜಾತಿಯದೇ, 7 × 13 × 19.

ಇದಕ್ಕೆ ಮಿಲ್ಲರ್–ರಾಬಿನ್ ಪರೀಕ್ಷೆ ಒಂದು ಗಂಟು ಹೆಚ್ಚಿಗೆ ಹಾಕುತ್ತದೆ. ಘಾತವನ್ನು ಒಮ್ಮೆಲೇ ಏರಿಸದೆ, ಸಂಖ್ಯೆಗಿಂತ ಒಂದು ಕಡಿಮೆಯದರಿಂದ 2ರ ಘಾತವನ್ನೆಲ್ಲ ಹೊರತೆಗೆದು, ಉಳಿದ ಬೆಸ ಘಾತಕ್ಕೆ ಮೊದಲು ಏರಿಸಿ, ಆಮೇಲೆ ಒಂದೊಂದೇ ಬಾರಿ ವರ್ಗ ಮಾಡುತ್ತ ಬರಬೇಕು. ಅವಿಭಾಜ್ಯವಾದರೆ ಶೇಷದ ಲೆಕ್ಕದಲ್ಲಿ 1ಕ್ಕೆ ಎರಡೇ ವರ್ಗಮೂಲ: 1 ಮತ್ತು −1 (ಅಂದರೆ ಸಂಖ್ಯೆಗಿಂತ ಒಂದು ಕಡಿಮೆಯ ಶೇಷ). ಆದ್ದರಿಂದ ಸರಣಿ 1ರಿಂದಲೇ ಶುರುವಾಗಬೇಕು, ಇಲ್ಲವೇ ದಾರಿಯಲ್ಲಿ ಎಲ್ಲಾದರೂ −1 ಸಿಗಬೇಕು. 91ಕ್ಕೆ 90 = 2 × 45, 3⁴⁵ಗೆ ಶೇಷ 27. 27 ಎಂಬುದು 1ಲ್ಲ, −1 ಎನಿಸುವ 90ಲ್ಲ, ಆದರೂ ಅದರ ವರ್ಗಕ್ಕೆ ಶೇಷ 1. ಕಳ್ಳ ಸಿಕ್ಕಿದ. ಕದ್ದ ಮಾಲೂ ಸಿಗುತ್ತದೆ: 26 ಮತ್ತು 91ರ ಮ.ಸಾ.ಅ. 13, 28 ಮತ್ತು 91ರ ಮ.ಸಾ.ಅ. 7.

ಮಡಿಕೇರಿಯ ಸಂಖ್ಯೆಯನ್ನು ಏರಿಸುವುದು

571200 = 64 × 8925. ಆಧಾರ 13 ತೆಗೆದುಕೊಳ್ಳಿ. 2ನ್ನೇ ಏಕೆ ತೆಗೆದುಕೊಳ್ಳಬಾರದು ಎಂದರೆ, 2, 3, 5, 7, 11 ಈ ಐದೂ ನಮ್ಮ ಸಂಖ್ಯೆಗೆ ಸಂಬಂಧಿಸಿ ವರ್ಗಶೇಷಗಳು, ಅಂದರೆ ಯಾವುದೋ ಒಂದು ವರ್ಗವನ್ನು 571201ರಿಂದ ಭಾಗಿಸಿದಾಗ ಉಳಿಯುವ ಶೇಷಗಳು. ಅವುಗಳ ಸರಣಿಯಲ್ಲಿ −1 ಬಂದರೂ ಕೊನೆಯ ಹೆಜ್ಜೆಗೆ ಮುಂಚೆಯೇ ಬಂದುಹೋಗುತ್ತದೆ. 13 ಹಾಗಲ್ಲ: 571201ನ್ನು 13ರಿಂದ ಭಾಗಿಸಿದರೆ ಶೇಷ 7, ಯಾವ ವರ್ಗಸಂಖ್ಯೆಗೂ 13ರಲ್ಲಿ ಶೇಷ 7 ಬರುವುದಿಲ್ಲ. ಹಾಗಾಗಿ ನಮ್ಮ ಸಂಖ್ಯೆ ಅವಿಭಾಜ್ಯವಾದರೆ 13 ಅದಕ್ಕೆ ವರ್ಗಶೇಷವಲ್ಲ. −1 ತೀರಾ ಕೊನೆಯಲ್ಲಿ ಸಿಗಲಿ ಎಂಬುದೇ ನಮ್ಮ ಉದ್ದೇಶ. ಅದರ ಲಾಭ ಆಮೇಲೆ ಕಾಣುತ್ತದೆ.

8925 ಬಾರಿ ಗುಣಿಸಬೇಕಿಲ್ಲ. 8925ನ್ನು ಅರ್ಧ ಮಾಡುತ್ತ ಹೋಗಿ, ಅರೆ ಬಂದರೆ ಬಿಡಿ: 8925, 4462, 2231, 1115, 557, 278, 139, 69, 34, 17, 8, 4, 2, 1. ಈಗ ಹಿಂದಿನಿಂದ ಬನ್ನಿ. ಪ್ರತಿ ಹೆಜ್ಜೆಗೆ ಹಿಂದಿನ ಶೇಷವನ್ನು ವರ್ಗ ಮಾಡಿ. ಆ ಹೆಜ್ಜೆಯ ಸಂಖ್ಯೆ ಬೆಸವಾಗಿದ್ದರೆ ಮತ್ತೊಮ್ಮೆ 13ರಿಂದ ಗುಣಿಸಿ. ಪ್ರತಿ ಸಲವೂ 571201ರಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಿ.

ಒಂದು ಹೆಜ್ಜೆ ಪೂರ್ತಿ ನೋಡೋಣ. 4ನೇ ಘಾತದಲ್ಲಿ 28561. ಅದರ ವರ್ಗ 81,57,30,721. ಇದನ್ನು 571201ರಿಂದ ಭಾಗಿಸಿದರೆ ಭಾಗಲಬ್ಧ 1428. 1428 × 571201 = 81,56,75,028. ಕಳೆದರೆ 55693. ಇದೇ 8ನೇ ಘಾತದ ಶೇಷ. ಮುಂದೆ ಹೋಗುವ ಮೊದಲು ಅಂಕೆ ಕೂಡಿ ನೋಡಿ: 28561ರ ಅಂಕೆಗಳ ಮೊತ್ತ 22, ಅಂದರೆ 4. ನಾಲ್ಕರ ವರ್ಗ 16, ಅಂದರೆ 7. ವರ್ಗದ ಅಂಕೆಗಳ ಮೊತ್ತ 34, ಅದೂ 7. ಎರಡೂ ತಾಳೆಯಾದವು. ಈ ಚಿಕ್ಕ ಪರೀಕ್ಷೆ ಬಿಟ್ಟವರು ಹತ್ತು ಹೆಜ್ಜೆ ಹೋದ ಮೇಲೆ ಮೊದಲಿನಿಂದ ಶುರುಮಾಡುತ್ತಾರೆ.

ನಿಮ್ಮ ಲೆಕ್ಕದೊಡನೆ ಹೋಲಿಸಿಕೊಳ್ಳಲು, ಘಾತ ಮತ್ತು ಶೇಷ:

8 — 55693
17 — 12245
34 — 285363
69 — 19280
139 — 549941
278 — 167609
557 — 172088
1115 — 161079
2231 — 445417
4462 — 489358
8925 — 288791

ಶೇಷ ಅರ್ಧಕ್ಕಿಂತ ದೊಡ್ಡದಾದರೆ ಪೂರ್ಣ ಸಂಖ್ಯೆಯಿಂದ ಕಳೆದು ಋಣವಾಗಿ ಬರೆದುಕೊಳ್ಳಿ. 549941ರ ಬದಲು −21260, ವರ್ಗ ಮಾಡಲು ಅದೇ ಹಗುರ. 288791 ಎಂಬುದು 1ಲ್ಲ, −1ಲ್ಲ. ಇಲ್ಲಿಂದ ಬರೀ ವರ್ಗ ಮಾಡುತ್ತ ಹೋಗಿ: 326073, 247189, 459550, 55177. ಇನ್ನೊಂದೇ ವರ್ಗ ಬಾಕಿ.

55177² = 3,04,45,01,329
571201 × 5330 = 3,04,45,01,330

ಸರಿಯಾಗಿ ಒಂದು ಕಡಿಮೆ. ಅಂದರೆ 13²⁸⁵⁶⁰⁰ಕ್ಕೆ ಶೇಷ −1. ಹದಿನೆಂಟು ವರ್ಗಗಳ ಸರಣಿಯಲ್ಲಿ ಎಲ್ಲೋ ಒಂದು ಅಂಕೆ ತಪ್ಪಿದ್ದರೂ ಈ ಒಂದರ ಅಂತರದ ಮೇಲೆ ಬಂದು ನಿಲ್ಲುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ −1 ಬಂದದ್ದೇ ಲೆಕ್ಕ ಸರಿಯಿದೆ ಎಂಬುದಕ್ಕೂ ಗುರುತು. ಬರದೇ ಹೋದರೆ ಮಾತ್ರ ಸಂಖ್ಯೆ ತಪ್ಪೋ ಕೈ ತಪ್ಪೋ ತಿಳಿಯುವುದಿಲ್ಲ, ಇನ್ನೊಮ್ಮೆ ಮಾಡಲೇಬೇಕು.

ಅವಸರದವರಿಗೆ ಒಂದು ಮಾತು: 13,73,653ಕ್ಕಿಂತ ಚಿಕ್ಕ ಸಂಖ್ಯೆ ಆಧಾರ 2 ಮತ್ತು ಆಧಾರ 3 ಎರಡಕ್ಕೂ ಮಿಲ್ಲರ್–ರಾಬಿನ್ ಪಾಸಾದರೆ ಅದು ಅವಿಭಾಜ್ಯವೇ. ಪಿನ್‌ಕೋಡ್‌ಗಳೆಲ್ಲ ಆ ಮಿತಿಯ ಒಳಗಿವೆ. ಆದರೆ ಇಲ್ಲಿ ಬೇರೆಯವರು ಕಂಪ್ಯೂಟರಿನಲ್ಲಿ ಹುಡುಕಿ ಕಂಡುಕೊಂಡ ಮಿತಿಯನ್ನು ನಂಬಬೇಕು. ಯಾರನ್ನೂ ನಂಬದೆ ಸಾಧಿಸುವ ದಾರಿ ಇನ್ನೂ ಚೆಂದ.

133 ಭಾಗಾಕಾರ ಐದಕ್ಕೆ ಇಳಿಯುವುದು

571201ನ್ನು ಭಾಗಿಸುವ ಒಂದು ಅವಿಭಾಜ್ಯ ಇದೆ ಎಂದಿಟ್ಟುಕೊಳ್ಳಿ. ಮೇಲಿನ −1 ಆ ಭಾಜಕದ ಶೇಷಲೆಕ್ಕದಲ್ಲೂ −1 ಆಗಿಯೇ ಇರುತ್ತದೆ. 13⁸⁹²⁵ ಅನ್ನು ಐದು ಬಾರಿ ವರ್ಗ ಮಾಡಿದಾಗ −1, ಆರನೆಯ ಸಲ 1. ಅಂದರೆ ಅದು 1ಕ್ಕೆ ಮರಳುವುದು ಸರಿಯಾಗಿ 64ನೇ ಘಾತದಲ್ಲಿ, ಅದಕ್ಕೆ ಮುಂಚೆ ಅಲ್ಲ. ಫರ್ಮಾನ ನಿಯಮದ ಪ್ರಕಾರ ಆ 64 ಭಾಜಕಕ್ಕಿಂತ ಒಂದು ಕಡಿಮೆಯದನ್ನು ಭಾಗಿಸಬೇಕು. ಹಾಗಾಗಿ ಮಡಿಕೇರಿಯ ಸಂಖ್ಯೆಗೆ ಅಪವರ್ತನ ಇದ್ದರೆ ಅದು 64ರ ಗುಣಕಕ್ಕೆ ಒಂದು ಕೂಡಿಸಿದ ರೂಪದಲ್ಲೇ ಇರಬೇಕು: 65, 129, 193, 257, 321, 385, 449, 513, 577, 641, 705. ಇವುಗಳಲ್ಲಿ ಅವಿಭಾಜ್ಯಗಳು ಐದೇ.

193ಕ್ಕೆ ಶೇಷ 114, 257ಕ್ಕೆ 147, 449ಕ್ಕೆ 73, 577ಕ್ಕೆ 548, 641ಕ್ಕೆ 70. ಯಾವುದೂ ಸೊನ್ನೆಯಲ್ಲ. 571201 ಅವಿಭಾಜ್ಯ, ಸಂದೇಹವಿಲ್ಲ. −1 ಕೊನೆಯಲ್ಲಿ ಬರಬೇಕು ಎಂದು 13ನ್ನು ಆರಿಸಿದ್ದು ಇದಕ್ಕೇ. ಮುಂಚೆ ಬಂದಿದ್ದರೆ 64ರ ಬದಲು 32 ಅಥವಾ 16 ಸಿಗುತ್ತಿತ್ತು, ಭಾಗಿಸಿ ನೋಡಬೇಕಾದ ಸಂಖ್ಯೆಗಳು ಹೆಚ್ಚುತ್ತಿದ್ದವು.

ಅಮ್ಮತ್ತಿಗೆ ಒಂದು ಅಂಚೆ ಕಾರ್ಡು

571211ಕ್ಕೆ ಭಾಗಾಕಾರವೇ ಬೇಡ. ಒಂದು ಕಡಿಮೆ ಮಾಡಿ ಒಡೆಯಿರಿ:

571210 = 2 × 5 × 239²

ಇಷ್ಟು ದೊಡ್ಡ ವರ್ಗ ಸಿಗುವುದು ಅದೃಷ್ಟ. ಈಗ 2²³⁹⁰ ಲೆಕ್ಕ ಹಾಕಿ (2390 = 571210 ÷ 239). ಅರ್ಧ ಮಾಡುವ ಕ್ರಮ ಹಿಂದಿನದೇ. 37ನೇ ಘಾತದಲ್ಲಿ ಶೇಷ 445973, 298ನೆಯದರಲ್ಲಿ 105916, 1195ನೆಯದರಲ್ಲಿ 498211 ಅಂದರೆ −73000. 73000ರ ವರ್ಗ ಬಾಯಲ್ಲೇ ಬರುತ್ತದೆ, 532,90,00,000. ಅದನ್ನು 571211ರಿಂದ ಭಾಗಿಸಿದರೆ ಶೇಷ 172581. ಈ 172581ನ್ನು 239ನೇ ಘಾತಕ್ಕೆ ಏರಿಸಿದರೆ ಶೇಷ 1 ಬರುತ್ತದೆ. ಕೊನೆಗೆ 172580 ಮತ್ತು 571211ರ ಮ.ಸಾ.ಅ. ತೆಗೆಯಿರಿ, ಅದೂ 1.

1914ರಲ್ಲಿ ಗಣಿತಜ್ಞ ಪಾಕ್ಲಿಂಗ್ಟನ್ ತೋರಿಸಿದ ಪ್ರಕಾರ ಇಷ್ಟಾದರೆ ಅಮ್ಮತ್ತಿಯ ಸಂಖ್ಯೆಯ ಯಾವ ಅವಿಭಾಜ್ಯ ಅಪವರ್ತನವೇ ಆದರೂ 239ರ ವರ್ಗವಾದ 57121ರ ಗುಣಕಕ್ಕೆ ಒಂದು ಕೂಡಿಸಿದ್ದಾಗಿರಬೇಕು. ಸಂಯುಕ್ತವಾಗಿದ್ದರೆ 755ರೊಳಗೆ ಒಂದು ಅಪವರ್ತನ ಇರಲೇಬೇಕಿತ್ತು. ಎರಡೂ ಒಟ್ಟಿಗೆ ಆಗದು, ಹಾಗಾಗಿ ಅಪವರ್ತನವೇ ಇಲ್ಲ.

ಆಧಾರ 2, ಅಪವರ್ತನ 239, ಶೇಷ 172581: ಇಷ್ಟನ್ನು ಕಾರ್ಡಿನಲ್ಲಿ ಬರೆದು ಕಳಿಸಿದರೆ ಅದನ್ನು ಓದಿದವರು ತಾವೇ ಮತ್ತೆ ಲೆಕ್ಕ ಹಾಕಿ ಒಪ್ಪಬಹುದು. ಗಣಿತದಲ್ಲಿ ಇದಕ್ಕೆ ಪ್ರಮಾಣಪತ್ರ ಎನ್ನುತ್ತಾರೆ. ಮ.ಸಾ.ಅ.ದ ಹೆಜ್ಜೆಯನ್ನು ಬಿಡಬೇಡಿ. ಶೇಷ ಬರೀ 1ಕ್ಕಿಂತ ಬೇರೆ ಇದ್ದರೆ ಸಾಕು ಎಂದುಕೊಂಡರೆ, ಸಂಖ್ಯೆಯ ಒಂದು ಅಪವರ್ತನಕ್ಕೆ ಮಾತ್ರ 1 ಆಗಿ ಉಳಿದವಕ್ಕೆ ಆಗದಿರುವ ಸಂದರ್ಭ ಕೈತಪ್ಪುತ್ತದೆ.

ಅವಿಭಾಜ್ಯವೆಂದು ಗೊತ್ತಾದ ಮೇಲೆ

4ರಿಂದ ಭಾಗಿಸಿದಾಗ 1 ಉಳಿಯುವ ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ರೀತಿಯಲ್ಲಿ. 3 ಉಳಿದರೆ ಆಗುವುದೇ ಇಲ್ಲ. ಅಮ್ಮತ್ತಿಯದಕ್ಕೆ 3 ಉಳಿಯುತ್ತದೆ, ಬಿಡಿ. ಮಡಿಕೇರಿಯದಕ್ಕೆ 1. ಆ ಎರಡು ವರ್ಗಗಳನ್ನು ಹುಡುಕಲು ಹೊಸ ಲೆಕ್ಕ ಬೇಡ, ಹಿಂದೆ ಸಿಕ್ಕ 55177 ಇದೆಯಲ್ಲ, −1ರ ವರ್ಗಮೂಲ. 571201 ಮತ್ತು 55177ಕ್ಕೆ ಯೂಕ್ಲಿಡ್ ಭಾಗಾಕಾರ ಹಾಕುತ್ತ ಬನ್ನಿ, ಅಂದರೆ ಪ್ರತಿ ಸಲ ಹಿಂದಿನ ಭಾಜಕವನ್ನು ಶೇಷದಿಂದ ಭಾಗಿಸಿ. ಶೇಷಗಳು ಕ್ರಮವಾಗಿ 19431, 16315, 3116, 735, 176. ವರ್ಗಮೂಲ 755ಕ್ಕಿಂತ ಕೆಳಗೆ ಇಳಿದ ಮೊದಲ ಎರಡನ್ನು ಹಿಡಿಯಿರಿ:

735² + 176² = 540225 + 30976 = 571201

ಇನ್ನೊಂದು ಸಂಗತಿ: 571199 ಕೂಡ ಅವಿಭಾಜ್ಯ. ಮಡಿಕೇರಿಯ ಸಂಖ್ಯೆಗೆ ಹೀಗೊಂದು ಅವಳಿ ಇದೆ.

ಮೊಬೈಲ್ ನಂಬರ್ ಪರೀಕ್ಷಿಸುವವರಿಗೆ

ಹತ್ತಂಕೆಗೆ ಹೋದರೆ ಕೈಲೆಕ್ಕ ಬಿಡಿ. ಭಾಗಿಸುತ್ತ ಹೋಗಲು ಲಕ್ಷದೊಳಗಿನ 9592 ಅವಿಭಾಜ್ಯಗಳು ಬೇಕು. ಮಿಲ್ಲರ್–ರಾಬಿನ್‌ಗೆ 2, 3, 5, 7 ಈ ನಾಲ್ಕು ಆಧಾರ 321,50,31,751ರ ಕೆಳಗೆ ಮಾತ್ರ ಖಚಿತ. ನಮ್ಮ ಮೊಬೈಲ್ ನಂಬರ್‌ಗಳು 6ರಿಂದ 9ರೊಳಗಿನ ಅಂಕೆಯಲ್ಲಿ ಶುರುವಾಗುವುದರಿಂದ ಆ ಮಿತಿಯನ್ನು ದಾಟುತ್ತವೆ. 11ನ್ನೂ ಸೇರಿಸಿದರೆ ಎರಡು ಲಕ್ಷ ಕೋಟಿಯವರೆಗೂ ನಂಬಬಹುದು. 64 ಬಿಟ್‌ನ ಯಾವ ಸಂಖ್ಯೆಗಾದರೂ 2ರಿಂದ 37ರವರೆಗಿನ ಹನ್ನೆರಡು ಅವಿಭಾಜ್ಯ ಆಧಾರಗಳು ಸಾಕು. ನಿಮ್ಮ ಮೊಬೈಲ್ ಅಥವಾ ಆಧಾರ್ ನಂಬರನ್ನು ಯಾವುದೋ ವೆಬ್‌ಸೈಟಿನಲ್ಲಿ ಹಾಕಿ ಪರೀಕ್ಷಿಸಬೇಡಿ, ಮನೆಯ ಕಂಪ್ಯೂಟರಿನಲ್ಲೇ ಮಾಡಿ.

ಎಕ್ಸೆಲ್ ಇಲ್ಲಿ ಮೋಸ ಮಾಡುತ್ತದೆ. ಅದು ಹದಿನೈದು ಅಂಕೆಯನ್ನಷ್ಟೇ ಇಟ್ಟುಕೊಂಡು ಮುಂದಿನವನ್ನು ಸೊನ್ನೆ ಮಾಡುತ್ತದೆ. ಇಪ್ಪತ್ತು ಅಂಕೆಯ ಬೆಸಸಂಖ್ಯೆ ಟೈಪ್ ಮಾಡಿದರೆ ಅದು ಹತ್ತರ ಗುಣಕವಾಗಿ ಕುಳಿತಿರುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪೂರ್ಣಾಂಕಗಳಿಗೆ ಆ ತೊಂದರೆ ಇಲ್ಲ. ಆದರೆ ಘಾತವನ್ನು ಮೊದಲು ಪೂರ್ತಿ ಲೆಕ್ಕ ಹಾಕಿಸಿ ಆಮೇಲೆ ಶೇಷ ಕೇಳಿದರೆ, ಸಂಖ್ಯೆ ದೊಡ್ಡದಾದಾಗ ಯಂತ್ರ ಸ್ತಬ್ಧವಾಗುತ್ತದೆ. ಪವ್ ಎಂಬ ಫಂಕ್ಷನ್‌ಗೆ ಆಧಾರ, ಘಾತ, ಭಾಜಕ ಮೂರನ್ನೂ ಒಟ್ಟಿಗೆ ಕೊಡಿ. ಪ್ರತಿ ಹೆಜ್ಜೆಯಲ್ಲೂ ಶೇಷ ತೆಗೆಯುವ ಕೆಲಸವನ್ನು, ನಾವು ಮೇಲೆ ಕೈಯಲ್ಲಿ ಮಾಡಿದಂತೆಯೇ, ಅದು ಮಾಡಿಕೊಳ್ಳುತ್ತದೆ. 13, 285600, 571201 ಕೊಟ್ಟರೆ 571200 ಬರಬೇಕು. ಬಂದರೆ ಸರಿಯಾಗಿ ಬಳಸುತ್ತಿದ್ದೀರಿ ಎಂದರ್ಥ.

ಆಧಾರಗಳ ಅದೃಷ್ಟವನ್ನು ನೆಚ್ಚದೆ, ಯಾವುದೇ ಸಂಖ್ಯೆಯನ್ನು ಅಂಕೆಗಳ ಉದ್ದಕ್ಕೆ ತಕ್ಕ ಮಿತವಾದ ಹೆಜ್ಜೆಗಳಲ್ಲಿ ಖಚಿತವಾಗಿ ತೀರ್ಮಾನಿಸಬಹುದು ಎಂದು 2002ರಲ್ಲಿ ಸಾಧಿಸಿದವರು ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಸಿದ್ಧಾಂತವಾಗಿ ದೊಡ್ಡ ಹೆಜ್ಜೆ, ಬಳಕೆಯಲ್ಲಿ ಮಾತ್ರ ನಿಧಾನ.

ನಾಲ್ಕು ಕೋಟಿ ಅಂಕೆಯ ಸಂಖ್ಯೆ ಅವಿಭಾಜ್ಯವೆಂದು ಖಚಿತವಾಗಿ ಸಾಧಿಸಲು ಇವು ಯಾವುವೂ ಸಾಲವು. 2024ರ ಅಕ್ಟೋಬರ್‌ನಲ್ಲಿ ಪ್ರಕಟವಾದ 2¹³⁶²⁷⁹⁸⁴¹ − 1ರಲ್ಲಿ 4,10,24,320 ಅಂಕೆಗಳಿವೆ. ಹಿಡಿದವರು ಲ್ಯೂಕ್ ಡ್ಯುರಾಂಟ್, ಗಿಂಪ್ಸ್ ಎಂಬ ಹಂಚಿಕೆಯ ಹುಡುಕಾಟದಲ್ಲಿ. 2ರ ಘಾತದಿಂದ ಒಂದು ಕಳೆದ ಇಂಥ ಮರ್ಸೆನ್ ಸಂಖ್ಯೆಗಳಿಗೆ ಲ್ಯೂಕಾಸ್–ಲೆಹ್ಮರ್ ಎಂಬ ಪ್ರತ್ಯೇಕ ಪರೀಕ್ಷೆ ಇದೆ. 4ರಿಂದ ಶುರುಮಾಡಿ, ವರ್ಗ ಮಾಡಿ, 2 ಕಳೆದು, ಶೇಷ ತೆಗೆಯಿರಿ. ಘಾತಕ್ಕಿಂತ ಎರಡು ಕಡಿಮೆ ಬಾರಿ ಹೀಗೆ ಮಾಡಿದಾಗ ಸೊನ್ನೆ ಬಂದರೆ ಅವಿಭಾಜ್ಯ. 2⁷ − 1 = 127ಕ್ಕೆ ಐದು ಬಾರಿ: 4, 14, 67, 42, 111, 0. ಘಾತ ಅವಿಭಾಜ್ಯವಾದರೆ ಸಾಕು ಎಂದು ತಿಳಿದವರು 2¹¹ − 1 = 2047ಕ್ಕೆ ಒಂಬತ್ತು ಬಾರಿ ಮಾಡಿ ನೋಡಲಿ: 4, 14, 194, 788, 701, 119, 1877, 240, 282, 1736. ಕೊನೆಗೆ ಸೊನ್ನೆ ಬರಲಿಲ್ಲ, 2047 ಸಂಯುಕ್ತ. ಅದು 23 × 89 ಎಂಬುದನ್ನು ಮಾತ್ರ ಈ 1736 ಹೇಳುವುದಿಲ್ಲ. ಅದಕ್ಕೆ ಮತ್ತೆ ಅವಿಭಾಜ್ಯಗಳ ಪಟ್ಟಿ ಹಿಡಿದು 2, 3, 5 ಎಂದು ಮೊದಲಿನಿಂದ ಭಾಗಿಸಬೇಕು.